ತಿರುಗುವ ಅಕ್ಷ ಮತ್ತು ಚತುರ್ಥೀ ವಿಭಕ್ತಿ: ಯಂತ್ರಶಾಲೆಯ ಕನ್ನಡವನ್ನು ಕುರಿತು ಕೆಲವು ವಿಚಾರಗಳು

ಕನ್ನಡ ಸಂಶೋಧನೆಯ ವ್ಯಾಪ್ತಿ ಕಳೆದ ಕೆಲವು ದಶಕಗಳಲ್ಲಿ ವಿಸ್ತಾರಗೊಂಡಿರುವುದು ನಿರ್ವಿವಾದ. ಶಾಸನ, ಹಸ್ತಪ್ರತಿ, ಛಂದಸ್ಸುಗಳ ಜೊತೆಗೆ ಜಾನಪದ, ಬುಡಕಟ್ಟು ಅಧ್ಯಯನ, ಸ್ತ್ರೀವಾದಿ ಹಾಗೂ ದಲಿತ ಸಂಕಥನಗಳು ನಮ್ಮ ವಿಭಾಗಗಳ ಒಳಗೆ ಬಂದಿವೆ. ಕುಂಬಾರ, ನೇಕಾರ, ಬಡಗಿ, ಕಮ್ಮಾರರ ವೃತ್ತಿಪದಗಳನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸಿ ಕೋಶಗಳನ್ನಾಗಿಸಿದ್ದೇವೆ. ಆದರೆ ಅದೇ ಕಮ್ಮಾರನ ಮೊಮ್ಮಗ ಇಂದು ಗಣಕ ನಿಯಂತ್ರಿತ ಯಂತ್ರವೊಂದರ, ಅಂದರೆ ಎಲ್ಲರೂ ಸಿಎನ್‌ಸಿ ಎಂದು ಕರೆಯುವ ಯಂತ್ರದ, ಮುಂದೆ ನಿಂತು ಆಡುವ ಕನ್ನಡ ನಮ್ಮ ಕಿವಿಗೆ ಬಿದ್ದಂತಿಲ್ಲ. ಕುಲುಮೆ ಆರಿದ ಮೇಲೆ ಅದರ ಪದಗಳನ್ನು ಹುಡುಕಿಕೊಂಡು ಹೋಗುವ ನಾವು, ಯಂತ್ರ ಓಡುತ್ತಿರುವಾಗ ಅಲ್ಲಿ ಹುಟ್ಟುತ್ತಿರುವ ಭಾಷೆಯನ್ನು ಇಂಗ್ಲಿಷ್ ಎಂದು ಬಗೆದು ದೂರವಿಟ್ಟಿದ್ದೇವೆ.

ಅದು ಇಂಗ್ಲಿಷ್ ಅಲ್ಲ ಎಂಬುದು ನನ್ನ ಅಭಿಪ್ರಾಯ. ನಾಮಪದಗಳು ಇಂಗ್ಲಿಷಿನವು, ವಿಭಕ್ತಿಯೂ ಕ್ರಿಯೆಯೂ ಕನ್ನಡದವು. ಯಂತ್ರಕ್ಕೆ ಆದೇಶ ಕೊಡುವ ಕೆಲಸದ ಅತ್ಯಂತ ಸೂಕ್ಷ್ಮವಾದ ಒಂದು ಭಾಗದಲ್ಲಿ, ತಿರುಗುವ ಅಕ್ಷವನ್ನು ಬೇಕಾದ ಕೋನಕ್ಕೆ ತಂದು ನಿಲ್ಲಿಸುವಲ್ಲಿ, ಅರ್ಥದ ಭಾರವನ್ನೆಲ್ಲ ಹೊರುವುದು ಆ ವಿಭಕ್ತಿ ಮತ್ತು ಕ್ರಿಯಾವಿಶೇಷಣಗಳೇ. ಈ ಮಾತನ್ನು ಒಂದು ನಿದರ್ಶನದ ಮೂಲಕ ಸಮರ್ಥಿಸಲು ಇಲ್ಲಿ ಪ್ರಯತ್ನಿಸುತ್ತೇನೆ. ನಾನು ಯಂತ್ರಶಾಸ್ತ್ರದ ವಿದ್ಯಾರ್ಥಿನಿಯಲ್ಲ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಶಾಸನಗಳಲ್ಲಿನ ವಿಭಕ್ತಿ ಪ್ರಯೋಗಗಳನ್ನು ಕುರಿತು ಪಿಎಚ್.ಡಿ. ಅಧ್ಯಯನ ನಡೆಸುತ್ತಿರುವವಳು. ಯಂತ್ರದ ವಿಷಯ ನನಗೆ ತಿಳಿದದ್ದು ನನ್ನ ಚಿಕ್ಕಮ್ಮನ ಮಗನಿಂದ.

ಅವನು ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಅನಂತರ ಐಟಿಐ, ಈಗ ಚಾಮರಾಜನಗರದ ಬಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ರೂಪುಗೊಂಡ ಮೇಲೆ ಈ ಭಾಗದ ಹುಡುಗರಿಗೆ ಮೈಸೂರು, ನಂಜನಗೂಡುಗಳ ಆಚೆಗೆ ಹೋಗದೆ ಊರ ಹತ್ತಿರವೇ ಇಂತಹ ಉದ್ಯೋಗ ದೊರೆಯುವ ಸಾಧ್ಯತೆ ತೆರೆದಿದೆ. ಅವನ ಕೈಗೆ ಬಂದ ಯಂತ್ರದಲ್ಲಿ ಮೂರು ನೇರ ಚಲನೆಗಳಿವೆ: ಎಡಬಲಕ್ಕೆ ಎಕ್ಸ್, ಹಿಂದುಮುಂದಕ್ಕೆ ವೈ, ಮೇಲೆಕೆಳಗೆ ಝಡ್. ಇವುಗಳ ಮೇಲೆ ನಾಲ್ಕನೆಯದಾಗಿ ಒಂದು ತಿರುಗುವ ಮೇಜು. ಎಕ್ಸ್ ಅಕ್ಷದ ಸುತ್ತ ತಿರುಗಿದರೆ ಅದು ಎ, ವೈ ಸುತ್ತ ತಿರುಗಿದರೆ ಬಿ, ಝಡ್ ಸುತ್ತ ತಿರುಗಿದರೆ ಸಿ. ನೇರ ಅಕ್ಷಗಳನ್ನು ಮಿಲಿಮೀಟರಿನಲ್ಲಿ ಅಳೆದರೆ ಇವುಗಳನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ.

ವ್ಯತ್ಯಾಸ ಅಳತೆಯ ಮಾನದ್ದಷ್ಟೇ ಆಗಿದ್ದರೆ ಈ ಬರೆಹದ ಅಗತ್ಯವಿರಲಿಲ್ಲ. ನೇರ ಗೆರೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಇರುವುದು ಒಂದೇ ದಾರಿ. ಆದ್ದರಿಂದ 'ಇಂಥಲ್ಲಿಗೆ ಹೋಗು' ಎಂದರೆ ಸಾಕು, ದಾರಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ವೃತ್ತದ ಮೇಲೆ ಯಾವ ಎರಡು ಬಿಂದುಗಳ ನಡುವೆಯೂ ಎರಡು ದಾರಿಗಳಿವೆ. 350 ಡಿಗ್ರಿಯಲ್ಲಿ ನಿಂತ ಮೇಜು 10 ಡಿಗ್ರಿಗೆ ಬರಬೇಕಾದರೆ ಮುಂದಕ್ಕೆ 20 ಡಿಗ್ರಿ ನಡೆಯಬಹುದು ಅಥವಾ ಹಿಂದಕ್ಕೆ 340 ಡಿಗ್ರಿ ನಡೆಯಬಹುದು. ತಲುಪುವ ಸ್ಥಾನ ಒಂದೇ, ಸವೆಸುವ ದಾರಿ ಬೇರೆ. ಗುರಿಯನ್ನು ಮಾತ್ರ ಹೇಳುವ ವಾಕ್ಯ ಇಲ್ಲಿ ಅಪೂರ್ಣ.

ಈ ಅಪೂರ್ಣತೆಯ ಬೆಲೆಯನ್ನು ಅವನು ತೆತ್ತ. ಬಳೆಯಾಕಾರದ ಬಿಡಿಭಾಗವೊಂದನ್ನು ಮೇಜಿಗೆ ಬಿಗಿದು ಅದರ ಒಂದು ಪಕ್ಕದಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆಯಬೇಕಿತ್ತು. ಎದುರು ಪಕ್ಕದಲ್ಲಿ ಅದನ್ನು ಹಿಡಿದಿಟ್ಟ ಕ್ಲಾಂಪಿನ ಬೋಲ್ಟು ಹೊರಚಾಚಿಕೊಂಡಿತ್ತು. ಪ್ರೋಗ್ರಾಮು ಬೇರೊಂದು ಯಂತ್ರದಲ್ಲಿ ತಿಂಗಳುಗಟ್ಟಲೆ ಓಡಿದ್ದೇ. ಕೆಲಸದ ಒತ್ತಡದಿಂದ ಅದನ್ನು ಇವನ ಯಂತ್ರಕ್ಕೆ ವರ್ಗಾಯಿಸಿದರು. 350ರ ರಂಧ್ರ ಮುಗಿಯಿತು. ಡ್ರಿಲ್ಲು ಕೆಲವೇ ಮಿಲಿಮೀಟರು ಮೇಲಕ್ಕೆದ್ದಿತು. ಮುಂದಿನ ಸಾಲಿನಲ್ಲಿದ್ದದ್ದು 'ಎ10' ಎಂಬ ಆದೇಶ. ಹಳೆಯ ಯಂತ್ರ ಇದಕ್ಕೆ 20 ಡಿಗ್ರಿ ಮುಂದೆ ಸರಿಯುತ್ತಿತ್ತು. ಈ ಯಂತ್ರ 340 ಡಿಗ್ರಿ ಹಿಂದಕ್ಕೆ ತಿರುಗಿತು. ಬೋಲ್ಟು ಬಂದು ಡ್ರಿಲ್ಲಿಗೆ ಬಡಿಯಿತು. ಡ್ರಿಲ್ಲು ಮುರಿಯಿತು, ಬಿಡಿಭಾಗ ಹಾಳಾಯಿತು, ಹುಡುಗನ ಸಂಬಳದಲ್ಲಿ ಕಡಿತವಾಯಿತು. ವಿಚಾರಣೆಯಲ್ಲಿ ಕೇಳಿದ ಪ್ರಶ್ನೆ ಒಂದೇ: ಕೈಪಿಡಿಯನ್ನು ಓದಿರಲಿಲ್ಲವೇ? ಕೈಪಿಡಿ ಇಂಗ್ಲಿಷಿನಲ್ಲಿತ್ತು. ಅವನು ಓದಿದ್ದ. ಪದಗಳು ಬಾಯಿಪಾಠವಾಗಿದ್ದವು.

ಆ ರಾತ್ರಿ ಮನೆಗೆ ಬಂದು ಅವನು ನನಗೆ ಹೇಳಿದ ವಾಕ್ಯವನ್ನು ನಾನು ಅವನೆದುರಿಗೇ ಬರೆದುಕೊಂಡೆ. "ಹತ್ರದ ದಾರಿ ಬುಟ್ಟು ಸುತ್ತುದಾರಿ ಹಿಡ್ಕಂಡ್ಬುಡ್ತು ಕಣಕ್ಕ." ಅವನ ದುಃಖದ ನಡುವೆ ಅವನ ವ್ಯಾಕರಣವನ್ನು ಗಮನಿಸಿದ್ದಕ್ಕೆ ನನಗೆ ನಾಚಿಕೆಯೂ ಆಯಿತು. ಆದರೆ ಆ ಒಂದು ವಾಕ್ಯದಲ್ಲಿ ಕೈಪಿಡಿಯ ಇಡೀ ಅಧ್ಯಾಯವಿತ್ತು. ಹತ್ತಿರದ ದಾರಿ, ಸುತ್ತುದಾರಿ ಎಂಬ ಭೇದ ಅವನಿಗೆ ಗೊತ್ತಿಲ್ಲದ್ದಲ್ಲ. ತನಗೆ ಗೊತ್ತಿರುವ ಈ ಭೇದವನ್ನೇ ಕೈಪಿಡಿಯೂ ಹೇಳುತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಈಗ ವಿಭಕ್ತಿಯ ವಿಷಯಕ್ಕೆ ಬರೋಣ. ಯಂತ್ರದ ಆದೇಶಗಳಲ್ಲಿ ಜಿ90 ಮತ್ತು ಜಿ91 ಎಂಬ ಎರಡು ಸಂಕೇತಗಳಿವೆ. ಮೊದಲನೆಯದರ ಆಳ್ವಿಕೆಯಲ್ಲಿ ಸಂಖ್ಯೆ ಎಂದರೆ ಸ್ಥಾನ, ಎರಡನೆಯದರಲ್ಲಿ ಸಂಖ್ಯೆ ಎಂದರೆ ಚಲನೆಯ ಪ್ರಮಾಣ. ತರಗತಿಗಳಲ್ಲಿ ಇವನ್ನು 'ಅಬ್ಸಲ್ಯೂಟ್' ಮತ್ತು 'ಇನ್‌ಕ್ರಿಮೆಂಟಲ್' ಎಂದು ಹೇಳಿಕೊಡುತ್ತಾರೆ. ವಿದ್ಯಾರ್ಥಿಗಳು ಎರಡು ಊರುಗಳ ಹೆಸರುಗಳಂತೆ ಇವುಗಳನ್ನು ನೆನಪಿಟ್ಟುಕೊಳ್ಳುತ್ತಾರೆ. ಕನ್ನಡದಲ್ಲಿ ಈ ಭೇದ ಹೀಗಿದೆ: 'ತೊಂಬತ್ತಕ್ಕೆ ತಿರುಗಿಸು', 'ತೊಂಬತ್ತು ತಿರುಗಿಸು'. ಒಂದು ಪ್ರತ್ಯಯ ಇದೆ ಅಥವಾ ಇಲ್ಲ, ಅಷ್ಟೆ. ಸುಮಾರು ಕ್ರಿ.ಶ. 1260ರ ಕೇಶಿರಾಜನಿಂದ ಮೊದಲುಗೊಂಡು ನಮ್ಮ ವೈಯಾಕರಣರು ಗುರುತಿಸಿದ ಚತುರ್ಥಿಯ 'ಗೆ', 'ಕೆ'ಗಳು ಜಿ90ರ ಕೆಲಸವನ್ನು ಮಾಡುತ್ತವೆ. ಪ್ರತ್ಯಯ ಲೋಪವಾದಾಗ ಅದು ಜಿ91. ಏಳನೆಯ ತರಗತಿಯ ಮಗುವಿಗೂ ಇದರಲ್ಲಿ ಗೊಂದಲವಿಲ್ಲ. ಇಂಗ್ಲಿಷಿನಲ್ಲೂ ಈ ಭೇದವನ್ನು ತೋರುವ ಪುಟ್ಟ ಉಪಸರ್ಗಗಳಿವೆ ಎಂಬುದನ್ನು ಒಪ್ಪಬೇಕು. ಆದರೆ ಗುಂಡ್ಲುಪೇಟೆಯ ಹುಡುಗನಿಗೆ ತಲುಪುವುದು ಆ ಪುಟ್ಟ ಪದಗಳಲ್ಲ, ದೊಡ್ಡ ನಾಮಪದಗಳು. ಭಾಷೆಯ ಜೀವ ಪುಟ್ಟ ಪದಗಳಲ್ಲಿದೆ. ನಾವು ಅವನಿಗೆ ಜೀವವಿಲ್ಲದ ಭಾಗವನ್ನು ಕಲಿಸಿ ಕಳಿಸುತ್ತಿದ್ದೇವೆ.

ಚಲನೆಯ ಪ್ರಮಾಣವನ್ನೇ ಹೇಳಿಬಿಟ್ಟರೆ, ಅಂದರೆ '350ರಿಂದ 20 ಮುಂದೆ' ಎಂದರೆ, ದಾರಿಯ ಸಂದೇಹ ಉಳಿಯುವುದಿಲ್ಲವಲ್ಲ ಎಂದು ಕೇಳಬಹುದು. ಉಳಿಯುವುದಿಲ್ಲ. ಆದರೆ ಆಗ ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯನ್ನು ನಂಬಿಕೊಂಡಿರುತ್ತದೆ. ವಿದ್ಯುತ್ತು ಹೋಗಿ ಬಂದು ಪ್ರೋಗ್ರಾಮನ್ನು ನಡುವಿನಿಂದ ಆರಂಭಿಸಿದರೆ 'ಎಲ್ಲಿಂದ' ಎಂಬ ಪ್ರಶ್ನೆಗೆ ಉತ್ತರ ತಪ್ಪುತ್ತದೆ, ಮುಂದಿನ ಎಲ್ಲ ರಂಧ್ರಗಳೂ ತಪ್ಪುತ್ತವೆ. ಆದ್ದರಿಂದ ಸ್ಥಾನವನ್ನು ಹೇಳುವ ಕ್ರಮವೇ ಹೆಚ್ಚು ಬಳಕೆಯಲ್ಲಿದೆ, ದಾರಿಯ ಪ್ರಶ್ನೆಯೂ ಅದರೊಂದಿಗೆ ಉಳಿದುಕೊಂಡಿದೆ.

ಈ ಪ್ರಶ್ನೆಗೆ ನಮ್ಮ ಸೀಮೆಯ ಜನರಿಗೆ ಯಂತ್ರಕ್ಕಿಂತ ಬಹಳ ಮೊದಲೇ ಉತ್ತರಗಳು ತಿಳಿದಿದ್ದವು. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯದಲ್ಲಿ ಪ್ರದಕ್ಷಿಣೆ ಹಾಕುವ ಭಕ್ತನನ್ನು ನೆನೆಯಿರಿ. ಅವನು ಬಾಗಿಲಿನಿಂದ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಬಾಗಿಲ ಬಳಿ ಏನನ್ನೋ ಬಿಟ್ಟು ಬಂದದ್ದು ನೆನಪಾಯಿತು ಎನ್ನೋಣ. ಸಂಪ್ರದಾಯನಿಷ್ಠನಾದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಬರುವುದಿಲ್ಲ, ಪೂರ್ತಿ ಸುತ್ತಿ ಬರುತ್ತಾನೆ. ಗುರಿ ಎಷ್ಟೇ ಹತ್ತಿರವಿರಲಿ, ದಿಕ್ಕು ಒಂದೇ. ಇನ್ನು ಚಾಮರಾಜನಗರದ ಚಾಮರಾಜೇಶ್ವರ ದೇವಾಲಯಕ್ಕೆ ಬನ್ನಿ. 1826ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಶಿವಾಲಯವಿದು. ಶಿವಾಲಯಗಳಲ್ಲಿ ಅಭಿಷೇಕದ ನೀರು ಹರಿದು ಹೋಗುವ ಸೋಮಸೂತ್ರವನ್ನು ದಾಟಬಾರದು ಎಂಬ ನಿಯಮವುಂಟು. ಅದನ್ನು ಪಾಲಿಸುವವರು ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಇನ್ನೊಂದು ಕಡೆಯಿಂದ ಮತ್ತೆ ಸೋಮಸೂತ್ರದವರೆಗೆ ಹೋಗಿ ಬರುತ್ತಾರೆ. ವೃತ್ತವಿದ್ದರೂ ಅದು ಮುಚ್ಚಿದ ವೃತ್ತವಲ್ಲ. ನನ್ನ ತಮ್ಮನ ಯಂತ್ರದ ಮೇಜು ಈ ಎರಡನೆಯ ಬಗೆಯದು. ಅದಕ್ಕೆ ಸೊನ್ನೆಯ ಗಡಿಯೇ ಸೋಮಸೂತ್ರ. ಹಳೆಯ ಯಂತ್ರದ ಮೇಜಾದರೋ ಯಾವ ದೇವಾಲಯದ ನಿಯಮಕ್ಕೂ ಒಳಪಡದೆ, ಸಂತೆಗೆ ಹೋಗುವ ಮನುಷ್ಯನ ಹಾಗೆ ಹತ್ತಿರದ ದಾರಿಯನ್ನು ಹಿಡಿಯುತ್ತಿತ್ತು. ಈ ಮೂರನ್ನೂ ನಾನು ಅವನಿಗೆ ಹೀಗೆಯೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಮೊದ್ಲೇ ಯಾಕ್ ಯಾರೂ ಹೇಳ್ನಿಲ್ಲ?" ಎಂದು ಕೇಳಿದ.

ಈ ದಾರಿಯ ನಿರ್ಣಯವನ್ನು ಯಂತ್ರ ಎಲ್ಲಿಂದ ಪಡೆಯುತ್ತದೆ ಎಂಬುದು ವ್ಯಾಕರಣದ ದೃಷ್ಟಿಯಿಂದ ಇನ್ನೂ ಕುತೂಹಲಕರ. ಜರ್ಮನಿಯ ಸೀಮೆನ್ಸ್ ನಿಯಂತ್ರಕಗಳಲ್ಲಿ ಅದನ್ನು ಆದೇಶದ ವಾಕ್ಯದಲ್ಲೇ ಬರೆಯಬಹುದು. ಸಂಖ್ಯೆಯೊಡನೆ ಡಿಸಿ ಎಂದು ಬರೆದರೆ ಹತ್ತಿರದ ದಾರಿ, ಎಸಿಪಿ ಎಂದರೆ ಧನ ದಿಕ್ಕಿನಲ್ಲೇ, ಎಸಿಎನ್ ಎಂದರೆ ಋಣ ದಿಕ್ಕಿನಲ್ಲೇ. ಇವು ನಿಸ್ಸಂದೇಹವಾಗಿ ಕ್ರಿಯಾವಿಶೇಷಣಗಳು. ಜಪಾನಿನ ಫ್ಯಾನಕ್ ನಿಯಂತ್ರಕಗಳ ರೀತಿ ಬೇರೆ. ಅಲ್ಲಿ ವಾಕ್ಯದಲ್ಲಿರುವುದು ಸಂಖ್ಯೆ ಮತ್ತು ಅದರ ಚಿಹ್ನೆ ಮಾತ್ರ. ಸೊನ್ನೆಯ ಗಡಿಯನ್ನು ದಾಟಬಹುದೇ, ಹತ್ತಿರದ ದಾರಿ ಹಿಡಿಯಬೇಕೇ ಎಂಬುದನ್ನು ಯಂತ್ರದ ಒಳಗೆ ಪ್ಯಾರಾಮೀಟರ್ ಎಂಬ ಪಟ್ಟಿಯಲ್ಲಿ ಮೊದಲೇ ಗೊತ್ತುಮಾಡಿರುತ್ತಾರೆ. ಇತ್ತೀಚಿನ ಮಾದರಿಗಳಲ್ಲಿ ಅದು 1008ನೆಯ ಪ್ಯಾರಾಮೀಟರು. ವಾಕ್ಯದಲ್ಲಿ ಇಲ್ಲದ್ದನ್ನು ಸಂದರ್ಭದಿಂದ ತಂದುಕೊಳ್ಳುವ ಈ ಕ್ರಮಕ್ಕೆ ನಮ್ಮಲ್ಲಿ ಅಧ್ಯಾಹಾರ ಎಂಬ ಪ್ರಾಚೀನ ಹೆಸರಿದೆ. ಒಂದೇ ವಾಕ್ಯ, ಎರಡು ಯಂತ್ರ, ಎರಡು ಅಧ್ಯಾಹಾರ. ಅಪಘಾತ ಸಂಭವಿಸಿದ್ದು ಇಲ್ಲಿ.

ಋಣ ಚಿಹ್ನೆಯ ಕಥೆ ಇದಕ್ಕಿಂತ ತೊಡಕಿನದು. ಅದೇ ಪ್ಯಾರಾಮೀಟರಿನ ಒಂದು ಆಯ್ಕೆಯಲ್ಲಿ ಚಿಹ್ನೆ ಎಂದರೆ ದಿಕ್ಕು. 'ಎ-90' ಎಂದರೆ 'ಹಿಮ್ಮುಖವಾಗಿ ತಿರುಗಿ 90ಕ್ಕೆ ಬಾ'. ಗಡಿ ದಾಟದ ಮೇಜಿನಲ್ಲಿ ಅದೇ ಚಿಹ್ನೆ ಸ್ಥಾನದ ಭಾಗ. 'ಎ-90' ಎಂದರೆ ಸೊನ್ನೆಯ ಆಚೆ ಬದಿಯ 90, ಅಂದರೆ ಮೇಜಿನ ಮೇಲೆ 270 ಇರುವ ಕಡೆ. ಒಂದೆಡೆ ಚಿಹ್ನೆ ಕ್ರಿಯೆಗೆ ವಿಶೇಷಣ, ಇನ್ನೊಂದೆಡೆ ನಾಮಕ್ಕೆ ವಿಶೇಷಣ. ಬರೆಹದಲ್ಲಿ ಎರಡೂ ಒಂದೇ ಗೀಟು. ಕನ್ನಡದಲ್ಲಿ ಬಿಡಿಸಿ ಹೇಳಿದ ಕೂಡಲೇ ಇವು ಬೇರೆ ಬೇರೆ ಎಂಬುದು ಕಾಣುತ್ತದೆ.

ಇನ್ನೊಂದು ಸಂಗತಿ. ಅಕ್ಷದ ಧನ ದಿಕ್ಕನ್ನು ಬಲಗೈ ನಿಯಮದಿಂದ ಗುರುತಿಸುತ್ತಾರೆ: ಹೆಬ್ಬೆರಳು ಅಕ್ಷದ ಧನ ದಿಕ್ಕಿಗೆ ಚಾಚಿದರೆ ಮಡಿಸಿದ ಬೆರಳುಗಳು ತೋರುವುದು ತಿರುಗುವ ಧನ ದಿಕ್ಕು. ಆದರೆ ಈ ನಿಯಮ ಹೇಳುವುದು ಬಿಡಿಭಾಗ ನಿಂತಿದೆ, ಉಪಕರಣ ಅದನ್ನು ಸುತ್ತುತ್ತಿದೆ ಎಂಬ ಕಲ್ಪನೆಯಲ್ಲಿ. ವಾಸ್ತವದಲ್ಲಿ ಮೇಜು ತಿರುಗುತ್ತದೆ, ಉಪಕರಣ ನಿಂತಿರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ದಿಕ್ಕು ವಿರುದ್ಧವಾಗುತ್ತದೆ. ಕಲಿಯುವವರು ಮುಗ್ಗರಿಸುವ ಜಾಗ ಇದು. 'ಸುತ್ತು' ಮತ್ತು 'ತಿರುಗು' ಎಂಬ ಎರಡು ಧಾತುಗಳನ್ನು ಬೇರ್ಪಡಿಸಿ ಬಳಸಿದರೆ ತೊಡಕು ಅರ್ಧ ಕಳೆಯುತ್ತದೆ. ಭಕ್ತ ದೇವರನ್ನು ಸುತ್ತುತ್ತಾನೆ. ಭಕ್ತ ನಿಂತು ಅದೇ ದರ್ಶನ ಆಗಬೇಕಾದರೆ ದೇವರು ಎಡಮುಖವಾಗಿ ತಿರುಗಬೇಕು. ವೇಗವನ್ನು ಕುರಿತೂ ಇಂಥದೇ ಒಂದು ಮಾತಿದೆ. ನಿಮಿಷಕ್ಕೆ 360 ಡಿಗ್ರಿ ಎಂಬ ಒಂದೇ ಆದೇಶ 50 ಮಿಲಿಮೀಟರು ತ್ರಿಜ್ಯದಲ್ಲಿ ನಿಮಿಷಕ್ಕೆ ಸುಮಾರು 314 ಮಿಲಿಮೀಟರಾದರೆ 100 ಮಿಲಿಮೀಟರು ತ್ರಿಜ್ಯದಲ್ಲಿ 628 ಆಗುತ್ತದೆ. ಗಾಣದ ಎತ್ತು ನಡೆದಷ್ಟು ದೂರವನ್ನು ಗಾಣದ ಒನಕೆ ನಡೆಯುವುದಿಲ್ಲ ಎಂದರೆ ಹಳ್ಳಿಯ ಯಾರಿಗಾದರೂ ತಿಳಿಯುತ್ತದೆ.

ನನ್ನ ಅಧ್ಯಯನದ ಶಾಸನಗಳಿಗೆ ಇಲ್ಲಿ ಒಂದು ಸಂಬಂಧವಿದೆ, ಅದನ್ನು ಹೇಳದಿರಲಾರೆ. ದತ್ತಿ ಶಾಸನಗಳಲ್ಲಿ ಭೂಮಿಯ ಚತುಸ್ಸೀಮೆಯನ್ನು ಹೇಳುವ ಭಾಗವನ್ನು ನಾವು ಸ್ಥಳನಾಮಗಳಿಗಾಗಿ ಓದುತ್ತೇವೆ. ಅದರ ವಾಕ್ಯರಚನೆಯನ್ನು ಗಮನಿಸಿದವರು ಕಡಿಮೆ. ಸಾಮಾನ್ಯವಾಗಿ ಮೂಡಣದಿಂದ ಹೊರಟು ತೆಂಕಣ, ಪಡುವಣ, ಬಡಗಣಗಳ ಕ್ರಮದಲ್ಲಿ ವಿವರ ಸಾಗುತ್ತದೆ. ವಿಸ್ತಾರವಾದ ಸೀಮಾವಿವರಣೆಗಳಲ್ಲಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಮತ್ತೊಂದೆಡೆಗೆ ಎಂದು ನಡೆದು ಹೊರಟ ಸ್ಥಳವನ್ನೇ ಕೂಡಿಕೊಳ್ಳುತ್ತದೆ. ಎಲ್ಲಿಂದ, ಎಲ್ಲಿಗೆ, ಯಾವ ದಿಕ್ಕಿನಲ್ಲಿ: ಮೂರೂ ಅಲ್ಲಿವೆ. ಸುತ್ತುವ ಚಲನೆಯನ್ನು ಸಂದೇಹಕ್ಕೆಡೆಯಿಲ್ಲದೆ ಹೇಳುವ ಗದ್ಯವನ್ನು ಕನ್ನಡ ಶತಮಾನಗಳ ಹಿಂದೆಯೇ ರೂಢಿಸಿಕೊಂಡಿತ್ತು. ಏಕೆಂದರೆ ಅಲ್ಲಿಯೂ ತಪ್ಪಾದರೆ ಯಾರದೋ ಹೊಲ ಹೋಗುತ್ತಿತ್ತು.

ಹಾಗಾದರೆ ಪಾರಿಭಾಷಿಕ ಪದಗಳನ್ನು ಸೃಷ್ಟಿಸಿ ಎಂದು ನಾನು ಕೇಳುತ್ತಿದ್ದೇನೆಯೇ? ಇಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಆರಂಭಿಸಿದಂದಿನಿಂದ ಈ ದಿಕ್ಕಿನ ಶ್ರಮ ಬಹಳಷ್ಟು ನಡೆದಿದೆ, ಅದರ ಬಗೆಗೆ ಗೌರವವಿದೆ. ಆದರೆ ಮೇಜಿನ ಮುಂದೆ ಕುಳಿತು ಕಟ್ಟಿದ 'ಪರಿಭ್ರಮಣಾಕ್ಷ ಸ್ಥಾನನಿರ್ಧಾರಣ' ಎಂಬಂತಹ ಸಮಾಸ ಯಂತ್ರದ ಮುಂದೆ ನಿಂತವನಿಗೆ ಇಂಗ್ಲಿಷಿಗಿಂತ ಪರಕೀಯ. ಅವನು 'ರೋಟರಿ' ಎನ್ನುತ್ತಾನೆ, ಎನ್ನಲಿ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಪದಗಳ ವಿಷಯದಲ್ಲಿ ಅವರ ಎಲ್ಲ ಸಲಹೆಗಳನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ. ಆದರೆ ಕನ್ನಡದ ವಿಭಕ್ತಿಗಳನ್ನು ಸಂಸ್ಕೃತದ ಅಚ್ಚಿನಿಂದ ಬಿಡಿಸಿ ಅವು ಮಾಡುವ ಕೆಲಸದಿಂದ ಗುರುತಿಸಬೇಕೆಂಬ ಅವರ ನಿಲುವಿಗೆ ಯಂತ್ರಶಾಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಪದವೇ ಬೇಕೆನ್ನುವವರಿಗೆ ನಮ್ಮ ಕಲಾ ಇತಿಹಾಸಕಾರರು ಚಾಲುಕ್ಯ, ಹೊಯ್ಸಳ ದೇವಾಲಯಗಳ ಕಡೆದ ಕಂಬಗಳಿಗೆ ಬಳಸುವ 'ತಿರುಗಣೆ' ಎಂಬ ಪದ ಇದೆ. ಬೇಲೂರಿನ ಕಂಬಗಳನ್ನು ಕಡೆದವರಿಗೆ ತಿರುಗುವ ಅಕ್ಷ ಹೊಸದಾಗಿರಲಿಲ್ಲ. ಆದರೆ ಅವರ ತಿರುಗಣೆ ನಿಲ್ಲದೆ ತಿರುಗಬೇಕಿತ್ತು. ನಮ್ಮ ಹುಡುಗನದು ಹೇಳಿದ ಕಡೆ ನಿಲ್ಲಬೇಕು. ಸಮಸ್ಯೆ ಇರುವುದು ನಿಲ್ಲುವುದರಲ್ಲಿ.

ಉದ್ಯೋಗಕ್ಕೆ ಇಂಗ್ಲಿಷ್ ಬೇಕೇ ಬೇಕು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ಕೇರಳಕ್ಕೂ ಇನ್ನೊಂದು ಊಟಿಗೂ ಹೋಗುತ್ತದೆ. ನಮ್ಮ ಹುಡುಗರು ಕೊಯಮತ್ತೂರು, ಹೊಸೂರುಗಳಲ್ಲೂ ಕೆಲಸ ಹುಡುಕಬೇಕು. ಅಲ್ಲಿ ಕನ್ನಡದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಪದವಿಯನ್ನು ಕಲಿಸಲು 2021ರಲ್ಲಿ ಎಐಸಿಟಿಇ ಅನುಮತಿ ನೀಡಿದಾಗ ಕರ್ನಾಟಕದಲ್ಲಿ ವಿದ್ಯಾರ್ಥಿಗಳು ಮುಂದೆ ಬರಲಿಲ್ಲ, ಅವರ ಭಯ ಸಹಜವಾದದ್ದು. ನಾನು ಹೇಳುತ್ತಿರುವುದು ಮಾಧ್ಯಮವನ್ನು ಕುರಿತಲ್ಲ, ವಿವರಣೆಯನ್ನು ಕುರಿತು. ಸಂಕೇತ ಹಾಗೆಯೇ ಇರಲಿ, ಪರೀಕ್ಷೆ ಯಾವ ಭಾಷೆಯಲ್ಲಾದರೂ ನಡೆಯಲಿ. 1953ರಲ್ಲಿ ಎಚ್.ಎಂ.ಟಿ., 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಆರಂಭವಾದ ಬೆಂಗಳೂರಿನಲ್ಲಿ ಸಿಎನ್‌ಸಿ ಯಂತ್ರಗಳೂ ಅವುಗಳ ತಿರುಗುವ ಮೇಜುಗಳೂ ತಯಾರಾಗುತ್ತವೆ. 2022ರಲ್ಲಿ ರಾಜ್ಯದ 150 ಐಟಿಐಗಳನ್ನು ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿಸಿ ಉದ್ಘಾಟಿಸಲಾಯಿತು. ಯಂತ್ರ ಹಳ್ಳಿಯ ಹುಡುಗನ ಹತ್ತಿರಕ್ಕೆ ಬಂದಿದೆ. ಅದನ್ನು ಬಿಡಿಸಿ ಹೇಳುವ ಗದ್ಯ ಬಂದಿಲ್ಲ. ಆ ಗದ್ಯವನ್ನು ಇಂಜಿನಿಯರುಗಳೇ ಬರೆಯಬೇಕೆಂದು ಕಾಯುವುದು ನ್ಯಾಯವಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದ್ದನ್ನು ಸಾಹಿತ್ಯ ಚರಿತ್ರೆಯ ತರಗತಿಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಂತಹ ಕೆಲಸ ಇಂದು ಯಾವ ವಿಭಾಗಕ್ಕೆ ಸೇರಿದ್ದು ಎಂದು ಕೇಳಿದರೆ ನಮ್ಮದಲ್ಲ ಎನ್ನುತ್ತೇವೆ.

ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಪ್ರತಿ ವರ್ಷ ವಿಷಯ ಸಿಗದೆ ಅದೇ ಕಾದಂಬರಿಗಳನ್ನು ಮತ್ತೆ ಮತ್ತೆ ಹಂಚುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಇಬ್ಬರನ್ನು ಒಂದು ತಿಂಗಳ ಮಟ್ಟಿಗೆ ಹತ್ತಿರದ ಐಟಿಐಗೆ ಕಳುಹಿಸಿ, ಬೋಧಕರು ಯಂತ್ರದ ಮುಂದೆ ಆಡುವ ಮಾತನ್ನು ಧ್ವನಿಮುದ್ರಿಸಿಕೊಂಡು ಬರಲು ಹೇಳಿದರೆ ವಿಭಕ್ತಿ, ಅಧ್ಯಾಹಾರ, ಕ್ರಿಯಾವಿಶೇಷಣಗಳ ಜೀವಂತ ಸಾಮಗ್ರಿ ದೊರೆಯುತ್ತದೆ. ಆ ಸಾಮಗ್ರಿಯಿಂದ ನಲವತ್ತು ಪುಟಗಳ ಒಂದು ಕೈಪಿಡಿಯನ್ನು ಬೋಧಕರೊಡನೆ ಕುಳಿತು ಬರೆಯಬಹುದು. ಯಂತ್ರದ ವಿಷಯದಲ್ಲಿ ತಪ್ಪಾದರೆ ಅವರು ತಿದ್ದುತ್ತಾರೆ, ಭಾಷೆಯ ವಿಷಯದಲ್ಲಿ ನಾವು ನೆರವಾಗುತ್ತೇವೆ. ನಾನು ನನ್ನ ತಮ್ಮನೊಡನೆ ಅದರ ಮೊದಲ ಹನ್ನೊಂದು ಪುಟಗಳನ್ನು ಬರೆದಿದ್ದೇನೆ. ಬರೆಯುವಾಗ ಒಂದು ಕಡೆ ನಿಂತೆವು. ಮೇಜು 359ನ್ನು ದಾಟಿದ ಕೂಡಲೇ ಎಣಿಕೆ ಮೊದಲಿನಿಂದ ಆರಂಭವಾಗುವುದಕ್ಕೆ ಇಂಗ್ಲಿಷಿನಲ್ಲಿ ರೋಲ್‌ಓವರ್ ಎಂಬ ಹೆಸರಿದೆ. ನಾನು 'ಆವರ್ತನ', 'ಪುನರಾರಂಭ' ಎಂದೆಲ್ಲ ಬರೆದು ಹೊಡೆದು ಹಾಕಿದೆ. ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. ಅವನು ತಲೆಯೆತ್ತದೆ, "ಮತ್ತೆ ಸೊನ್ನೆ ಅಂತೀವಿ" ಎಂದ. ಹಾಗೆಯೇ ಬರೆದುಕೊಂಡೆ.